ತಿಗರಿ ಮುಟ್ಟದ ಮಡಕೆ

ಅಕ್ಕ,

ಜ್ವರ ಬಿಟ್ಟಿದೆ, ಗಾಬರಿಯಾಗಬೇಡ. ನೆಲ ಅಗೆದಾಗ ಸಿಕ್ಕ ಪುರಾತನ ಮಡಕೆಗಳಿಗೆ ಎಕ್ಸ್‌ರೇ ತೆಗೆಯುವುದು ಇಲ್ಲಿ ನನ್ನ ಕೆಲಸ. ಇವನ್ನು ಕುಂಬಾರನ ಚಕ್ರದ, ಅಂದರೆ ತಿಗರಿಯ ಮೇಲೆ ಮಾಡಿದ್ದೆಂದು ನಮ್ಮ ಪ್ರಯೋಗಾಲಯದ ಮೇಷ್ಟ್ರು ಜೀವಮಾನವಿಡೀ ಪಾಠ ಹೇಳಿದವರು. ನಿನ್ನೆ ತೆಗೆದ ಚಿತ್ರ ನೋಡಿದರೆ, ಮಡಕೆಯ ಗೋಡೆಯೊಳಗೆ ಮಣ್ಣಿನ ಹುರಿಗಳು ಸಿಂಬೆ ಸುತ್ತಿದ ಹಾಗೆ ಒಂದರ ಮೇಲೊಂದು ಕೂತಿವೆ! ಕೈಯಲ್ಲೇ ಸುತ್ತಿ, ಒದ್ದೆ ಕೈಯಿಂದ ಸವರಿ ನುಣುಪು ಮಾಡಿದ್ದಾರೆ. ತಿಗರಿ ಮುಟ್ಟಿಯೇ ಇಲ್ಲ.

ಮೇಷ್ಟ್ರಿಗೆ ತೋರಿಸಿದೆ. "ಯಂತ್ರ ಕೆಟ್ಟಿರ್ಬೇಕು, ಇನ್ನೊಂದು ತೆಗಿ" ಅಂದರು. ತೆಗೆದೆ. ಇದ್ದಬದ್ದ ಮಡಕೆಗಳದ್ದೆಲ್ಲ ತೆಗೆದೆ. ಎಲ್ಲದರಲ್ಲೂ ಅದೇ ಸುರುಳಿ. ಅವರು ಕೋಟು ಹಾಕಿಕೊಂಡು ಹೊರಟುಹೋದರು. ಇನ್ನು ನನ್ನ ಕೆಲಸಕ್ಕೆ ಎಳ್ಳುನೀರೇ ಎಂದು ರೂಮಿಗೆ ಬಂದು ಪೆಟ್ಟಿಗೆ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ.

ಈಗಷ್ಟೇ ಮೇಷ್ಟ್ರು ಬಾಗಿಲಿಗೇ ಬಂದು ಹೇಳಿಹೋದರು: "ಇವತ್ತು ಮಧ್ಯಾಹ್ನದ ಸಭೇಲಿ ಈ ಮಡಕೆಗಳ ಬಗ್ಗೆ ನನ್ನ ಬದಲು ನೀನೇ ಮಾತಾಡಮ್ಮ. ಯಾರಾದ್ರೂ ನಿನ್ನ ಮೇಲೆ ಏರಿ ಬಂದ್ರೆ, ಮುಂದಿನ ಸಾಲಲ್ಲಿ ನಾನಿರ್ತೀನಿ."

ನನಗಿರುವ ಒಂದೇ ಒಳ್ಳೆ ಸೀರೆ, ಕಟ್ಟಿಟ್ಟ ಪೆಟ್ಟಿಗೆಯ ತಳದಲ್ಲಿದೆ. ಬಿಚ್ಚಲು ಓಡುತ್ತಿದ್ದೇನೆ.

ನಿನ್ನ ತಂಗಿ