ಹೂಳಲು ಅಪ್ಪಣೆಯಾದ ಸೊಪ್ಪು

ಮಾನ್ಯ ಕೃಷಿ ಉದ್ಯಮ ಪ್ರೋತ್ಸಾಹಾಧಿಕಾರಿಗಳೇ,

ಒಂದು ಮಾತನ್ನು ಬರೆಯದೆ ನುಂಗಿಬಿಡಬೇಕೆಂದಿದ್ದೆ. ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದೆ. ನಮ್ಮ ಗುಂದ್ರುಕ್ ಘಟಕಕ್ಕೆ ನೋಂದಣಿ ಸಿಗದೆ ಹೋದದ್ದಕ್ಕೆ ಮೊದಲ ಕಾರಣ ನೀವಲ್ಲ, ನಾನು. ಎರಡನೆಯ ಕಾರಣ ಖಂಡಿತವಾಗಿಯೂ ನೀವೇ. ಆದ್ದರಿಂದ ಈ ಪತ್ರ ನನಗೇ ಬರೆದುಕೊಂಡದ್ದಲ್ಲ, ನಿಮಗೆ ಬರೆದದ್ದು.

ಅರ್ಜಿ ತುಂಬಿದವಳು ನಾನು. ಪೋಖರೇಡಾಂಡಾದ ಮೂವತ್ತೊಂದು ಮನೆಗಳ ಹೆಂಗಸರ ಸಂಘದಲ್ಲಿ ಇಂಗ್ಲಿಷ್ ಓದಿದವಳು ನಾನೊಬ್ಬಳೇ. ಡಾರ್ಜಿಲಿಂಗಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತದ್ದು ಒಂದಲ್ಲ ಒಂದು ದಿನ ಊರಿನ ಉಪಯೋಗಕ್ಕೆ ಬರುತ್ತದೆಂದು ಎಲ್ಲರೂ ಕಾದಿದ್ದರು. ಬಂತು. ನಿಮ್ಮ ಅರ್ಜಿಯಲ್ಲಿ ಮೂರೇ ಚೌಕಗಳಿದ್ದವು: ಧಾನ್ಯ, ಹಾಲು, ತಾಜಾ ತರಕಾರಿ. ಗುಂದ್ರುಕ್ ಎಂದರೆ ಸಾಸಿವೆ ಸೊಪ್ಪನ್ನು ಬಾಡಿಸಿ, ಜಜ್ಜಿ, ಗಡಿಗೆಗೆ ಒತ್ತಿ ತುಂಬಿ, ಹುಳಿ ಬರಿಸಿ ಒಣಗಿಸಿದ್ದು. ಅದು ಧಾನ್ಯವಲ್ಲ, ಹಾಲಂತೂ ಅಲ್ಲವೇ ಅಲ್ಲ. ಹುಟ್ಟಿನಿಂದ ಸೊಪ್ಪೇ ತಾನೇ ಎಂದು ಮೂರನೆಯ ಚೌಕಕ್ಕೆ ಗುರುತು ಹಾಕಿದೆ. ಪಕ್ಕದ ಖಾಲಿ ಜಾಗದಲ್ಲಿ ಎರಡು ಸಾಲು ವಿವರಿಸಬಹುದಿತ್ತು. ಆದರೆ ಅಂಚಿನಲ್ಲಿ ಏನನ್ನೂ ಗೀಚಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಬೆರಳಿಗೆ ಹೊಡೆದು ಕಲಿಸಿದ್ದರು.

ನಿಮ್ಮ ಕಚೇರಿ ನನ್ನ ಗುರುತನ್ನು ನಂಬಿತು. ಕಚೇರಿಯೊಂದು ಪ್ರಜೆಯ ಮಾತನ್ನು ಇಷ್ಟು ಪೂರ್ತಿಯಾಗಿ ನಂಬಿದ್ದು ನಮ್ಮ ಬೆಟ್ಟದಲ್ಲಿ ಅದೇ ಮೊದಲು. ನಾವು ಕೇಳಿದ್ದು ಸೊಪ್ಪು ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಒಂದು ಚಪ್ಪರ. ಬಂದದ್ದು ತಾಜಾ ತರಕಾರಿ ಕೆಡದಂತೆ ಇಡುವ ಶೀತಲ ಕೋಣೆ. ಪುಸ್ ತಿಂಗಳು ಬಂತೆಂದರೆ ನಮ್ಮಲ್ಲಿ ಬಕೆಟಿನ ನೀರು ಹೆಪ್ಪುಗಟ್ಟುತ್ತದೆ. ಅಂಥ ಊರಿಗೆ ಚಳಿಯನ್ನು ಬಿಡಿಬಿಡಿಯಾಗಿ ಹೊರಿಸಿ ತಂದು, ಜೋಡಿಸಿ, ರಿಬ್ಬನ್ ಕತ್ತರಿಸಿದಿರಿ. ಕೊಟ್ಟದ್ದನ್ನು ಬಳಸದಿದ್ದರೆ ಮರ್ಯಾದೆಯಲ್ಲವೆಂದು ಗಡಿಗೆಗಳನ್ನು ಅದರೊಳಗೇ ಇಟ್ಟೆವು. ಹನ್ನೆರಡು ದಿನ ಕಳೆದರೂ ಸೊಪ್ಪು ಹುಳಿಯಾಗಲಿಲ್ಲ.

ನಮ್ಮ ಸಂಘದ ಹಿರಿಯಜ್ಜಿ ಧನಸರಿ ಬೋಜು ಬಾಗಿಲು ತೆರೆದು ಇಣುಕಿ ನೋಡಿ, ಎಂದಿನಂತೆ ಮಗುವನ್ನು ಕರೆದ ಹಾಗೆ ನನ್ನನ್ನು ಕರೆದರು. "ನಾನಿ, ನೀನು ಓದಿದವಳು, ನೀನೇ ಹೇಳು. ಈ ಚಳೀಲಿ ನಾನು ಒಲೆ ಮುಂದಿಂದ ಏಳ್ತೀನಾ? ಸೊಪ್ಪಿಗೂ ಜೀವ ಇಲ್ವಾ?"

ಗಡಿಗೆಗಳನ್ನು ಅವರವರ ಒಲೆಯ ಪಕ್ಕಕ್ಕೆ ಸಾಗಿಸಿದೆವು. ಕೋಣೆ ಖಾಲಿ ಇರಬಾರದೆಂಬ ನಿಮ್ಮ ನಿಯಮವನ್ನೂ ಮೀರಲಿಲ್ಲ. ಒಂದು ಬುಟ್ಟಿ ಹಸಿ ಸೊಪ್ಪನ್ನು ಅಲ್ಲಿ ಕೂರಿಸಿ ಬೀಗರಂತೆ ನೋಡಿಕೊಂಡೆವು.

ಪುಸ್ ಹುಟ್ಟುವ ಮುಂಚೆ, ಮಂಗ್ಸೀರ್ ಕೊನೆಯಲ್ಲಿ ನಿಮ್ಮ ಪರೀಕ್ಷಕರು ಬಂದರು. ಒಳ್ಳೆಯ ಮನುಷ್ಯ; ಏರು ಹತ್ತಿ ದಣಿದಿದ್ದರು. ಮೊದಲು ಊಟ ಹಾಕಿದೆವು, ಅನ್ನ ಮತ್ತು ಗುಂದ್ರುಕ್ ಸಾರು.

"ಇನ್ನೊಂದು ಸೌಟು ಹಾಕಿ ದಿದಿ. ನಮ್ಮಮ್ಮನ ಕೈರುಚಿ ನೆನಪಾಯ್ತು" ಎಂದರು. ಮನೆಗೆಂದು ಒಂದು ಪೊಟ್ಟಣ ಕಟ್ಟಿಸಿಕೊಂಡರು. ಕೈತೊಳೆದು, ತಪಾಸಣೆಯ ಪಟ್ಟಿ ತೆಗೆದು, ಹನ್ನೊಂದು ಗಡಿಗೆಗಳ ಬಾಯಿ ಬಿಚ್ಚಿಸಿದರು. ಹಸಿರು ಬಣ್ಣ? ಇಲ್ಲ. ಗರಿಗರಿ? ಇಲ್ಲ. ವಾಸನೆ? ಇದೆ, ಬೇಕಾದಷ್ಟಿದೆ.

"ಛೆ ಛೆ, ಪೂರ್ತಿ ಕೊಳೆತುಹೋಗಿದೆ!"

"ಸರ್, ಈಗ ತಾನೇ ಎರಡು ಸಲ ಹಾಕಿಸ್ಕೊಂಡ್ರಲ್ಲ, ಅದೇ ಇದು" ಎಂದೆ.

"ಊಟ ಬೇರೆ, ಪಟ್ಟಿ ಬೇರೆ, ದಿದಿ. ಪಟ್ಟೀಲಿ ತಾಜಾ ತರಕಾರಿ ಅಂತಿದೆ. ಯಾರು ಬರೆದಿದ್ದು ಇದನ್ನ?"

ಮೂವತ್ತು ಹೆಂಗಸರು ನನ್ನತ್ತ ನೋಡಿದರು. ನಾನು ಶೀತಲ ಕೋಣೆಯತ್ತ ನೋಡಿದೆ.

ಅವರು ಸರಕನ್ನು ನಾಶಪಡಿಸುವ ಆದೇಶ ಬರೆದು ಗಟ್ಟಿಯಾಗಿ ಓದಿದರು: ಮೂರಡಿ ಹೊಂಡ ತೋಡಿ, ತಳಕ್ಕೆ ಹುಲ್ಲು ಹಾಸಿ, ಸರಕನ್ನು ತುಳಿದು ತುಂಬಿ, ಗಾಳಿಯಾಡದಂತೆ ಮಣ್ಣು ಮುಚ್ಚತಕ್ಕದ್ದು.

ಬೋಜುವಿನ ಮುಖ ಅರಳಿತು. "ಅಯ್ಯೋ, ನಮ್ಮತ್ತೆ ಹಿಂಗೇ ಮಾಡ್ತಿದ್ರು! ಹೊಂಡದ್ದೇ ರುಚಿ, ಗಡಿಗೇದು ಆಮೇಲೆ ಬಂದಿದ್ದು. ನೋಡ್ರೇ, ಸಾಹೇಬ್ರಿಗೆ ಎಲ್ಲಾ ಗೊತ್ತಿದೆ. ಸುಮ್ನೆ ನಮ್ಮನ್ನ ಪರೀಕ್ಷೆ ಮಾಡ್ತಿದ್ರು!"

ಪರೀಕ್ಷಕರು ಏನನ್ನೂ ತಿದ್ದಲಿಲ್ಲ. ಸಹಿ ಹಾಕಿ ಇಳಿದುಹೋದರು, ಪೊಟ್ಟಣದ ಸಮೇತ.

ಆದೇಶವನ್ನು ಅಕ್ಷರಶಃ ಪಾಲಿಸಿದ್ದೇವೆ. ಆದರೆ, ಮಾನ್ಯರೇ, ನಗು ಇಲ್ಲಿಗೆ ನಿಲ್ಲುತ್ತದೆ. ನೋಂದಣಿ ಸಂಖ್ಯೆ ಇಲ್ಲದ ಪೊಟ್ಟಣವನ್ನು ಧರಾನಿನ ಅಂಗಡಿಯವರು ಮುಟ್ಟುವುದಿಲ್ಲ. ಫಾಗುನ್ ಹೊತ್ತಿಗೆ ಸಾಸಿವೆ ಹೂ ಬಿಡುತ್ತದೆ. ಆಮೇಲೆ ಎಲೆ ನಾರು, ಎಮ್ಮೆಯೂ ಮೂಸುವುದಿಲ್ಲ. ಈ ವರ್ಷ ನನ್ನ ಮಾತು ಕೇಳಿ ಮೂವತ್ತೊಂದು ಮನೆಯವರೂ ಆಲೂಗಡ್ಡೆಯ ಪಾತಿಗೆ ಸಾಸಿವೆ ಹಾಕಿದ್ದಾರೆ. ಬೋಜು ಕೂಡ. ಎಪ್ಪತ್ತಾರು ವರ್ಷದಲ್ಲಿ ಅವರು ಆಲೂಗಡ್ಡೆ ಬಿಟ್ಟದ್ದು ಇದೇ ಮೊದಲು. "ನಾನಿ ಬರೆದ ಮೇಲೆ ಆಗುತ್ತೆ ಬಿಡು" ಎನ್ನುತ್ತಾರೆ. ಆ ನಂಬಿಕೆಯನ್ನು ಯಾವ ಚೌಕದಲ್ಲಿ ತುಂಬಲಿ? ನನ್ನ ತಪ್ಪಿಗೆ ನನ್ನನ್ನು ಬೈಯಿರಿ, ಸಿದ್ಧಳಿದ್ದೇನೆ. ಆದರೆ ಅನ್ನದ ಜೊತೆ ಬಡಿಸಿದಾಗ ಗೊತ್ತಾಗುವ ಪದಾರ್ಥ ಕಾಗದದ ಮೇಲೆ ಗೊತ್ತಾಗುವುದಿಲ್ಲವೆಂದರೆ, ಆ ಕಾಗದವನ್ನು ಅಚ್ಚು ಹಾಕಿಸಿದವರು ಯಾರು?

ಕೇಳುವುದು ಹೆಚ್ಚೇನಿಲ್ಲ. ಹುಳಿ ಬರಿಸಿದ ಸೊಪ್ಪಿಗೆ ನಾಲ್ಕನೆಯ ಚೌಕವೊಂದನ್ನು ಬರೆಯಿರಿ, ಸೊಪ್ಪು ಹೂ ಬಿಡುವ ಮುನ್ನ ಸಂಖ್ಯೆ ಕೊಡಿ. ಶೀತಲ ಕೋಣೆಯನ್ನು ಕೆಳಗಿನ ಕಣಿವೆಯ ಹಾಲಿನ ಸಂಘಕ್ಕೆ ದಾಟಿಸಿ; ಅಲ್ಲಿ ಹಾಲು ಒಡೆಯುತ್ತದೆ, ಹೊರುವುದಕ್ಕೆ ನಾವೇ ಬರುತ್ತೇವೆ. ಬದಲಿಗೆ ಚಪ್ಪರ ಕೊಟ್ಟರೆ ಸಾಕು. ನಂಬಿಕೆ ಬಾರದಿದ್ದರೆ ತಾವೇ ಒಮ್ಮೆ ಊಟಕ್ಕೆ ಬನ್ನಿ. ಪಟ್ಟಿಯನ್ನು ಮಾತ್ರ ಊಟಕ್ಕೆ ಮುಂಚೆಯೇ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟುಕೊಳ್ಳಿ.

ಇಂತಿ,
ಅಂಚಿನಲ್ಲಿ ಬರೆಯುವುದನ್ನು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಕಲಿಯುತ್ತಿರುವ
ಇಂದ್ರಕಲಾ ಥೆಬೆ

ಪತ್ರದ ಜೊತೆ ಒಂದು ಹಿಡಿ ಸಾಕ್ಷ್ಯವನ್ನೂ ಇಡಬೇಕಾಗಿದೆ. ಆದ್ದರಿಂದ ಅಂಚೆಗೆ ಹಾಕುವುದು ಹೊಂಡ ತೆರೆದು, ಸೊಪ್ಪು ನಾಲ್ಕು ಬಿಸಿಲು ಕಂಡ ಮೇಲೆ: ಪುಸ್ ಇಪ್ಪತ್ತಾರು.