ತಗಡಿನ ರೈಲಿನ ಇಸವಿ

ನ್ಯೂರೆಂಬರ್ಗ್
೧೪ ಅಕ್ಟೋಬರ್ ೧೯೮೭

ಪ್ರೀತಿಯ ಎವಾಲ್ಡ್ ಅಣ್ಣನಿಗೆ,

ಮಂಡಿನೋವು ಹೇಗಿದೆ? ಬ್ರೇಮೆನ್ನಿನ ಆ ಹಾಳು ಗಾಳಿಗೆ ಉಣ್ಣೆ ಪಟ್ಟಿ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡ ಎಂದರೆ ನೀನು ಕೇಳುವವನಲ್ಲ, ಅತ್ತಿಗೆಗೇ ಬರೆಯುತ್ತೇನೆ. ಇಲ್ಲಿ ಎಲ್ಲರೂ ಕ್ಷೇಮ. ಹಳೆ ಆಟಿಕೆಗಳ ಅಂಗಡಿಯಲ್ಲಿ ಕ್ರಿಸ್‌ಮಸ್ಸಿಗೆ ಈಗಲೇ ಜನ. ಅಟ್ಟ ಗುಡಿಸಿದವರೆಲ್ಲ ತುಕ್ಕು ಹಿಡಿದ ರೈಲು ಹೊತ್ತು ತಂದು ‘ಇದು ನಮ್ಮ ಮುತ್ತಜ್ಜ ಆಡಿದ್ದು’ ಎನ್ನುತ್ತಾರೆ. ನಾನು ತಿರುಗಿಸಿ ನೋಡಿ ‘ನಿಮ್ಮ ಮುತ್ತಜ್ಜ ಹುಟ್ಟಿದ್ದು ಐವತ್ತೈದರಲ್ಲಾ?’ ಎಂದು ಕೇಳಿ ಬೈಸಿಕೊಳ್ಳುತ್ತೇನೆ.

ನೀನು ಕಳಿಸಿದ ರೈಲು ಭದ್ರವಾಗಿ ತಲುಪಿತು. ಕೀಲಿ ಕೊಟ್ಟೆ, ಅಡುಗೆಮನೆಯ ಮೇಜಿನುದ್ದಕ್ಕೂ ಓಡಿತು. ಅದನ್ನು ನಿಮ್ಮೂರಿನ ಮ್ಯೂಸಿಯಂಗೆ ಕೊಡುವವನಿದ್ದೀಯ, ‘ಯುದ್ಧದಲ್ಲಿ ಮಡಿದ ತಂದೆಯ ಕೊನೆಯ ಉಡುಗೊರೆ, ೧೯೪೩’ ಎಂದು ಚೀಟಿ ಹಾಕಿಸಬೇಕು, ಇಸವಿ ಖಾತ್ರಿ ಮಾಡು ಎಂದಿದ್ದೀಯ. ಆ ಚೀಟಿ ಬರೆಸಬೇಡ, ಅಣ್ಣ. ಇದು ಯುದ್ಧ ಮುಗಿದ ಮೇಲಿನ ರೈಲು. ಈ ಕೆಲಸದಲ್ಲಿ ನನ್ನ ತಲೆ ನರೆತಿದೆ, ನನ್ನ ಕಣ್ಣನ್ನು ನಂಬು. ನಲವತ್ತಮೂರರ ಹೊತ್ತಿಗೆ ತಗಡೆಲ್ಲ ಯುದ್ಧಕ್ಕೆ ಹೋಗಿ ಆಟಿಕೆ ಮಾಡುವುದೇ ನಿಂತಿತ್ತು. ಹಳೆಯ ದಾಸ್ತಾನು ಇದ್ದಿರಬಹುದು ಎನ್ನುತ್ತೀಯ, ಗೊತ್ತು. ಆದರೆ ಕಲ್ಲಿದ್ದಲ ಗಾಡಿಯ ತಳದಲ್ಲಿ, ಕಾರ್ಖಾನೆಯ ಗುರುತಿನ ಕೆಳಗೆ, ಒಂದು ಸಾಲನ್ನು ಯಾರೋ ಅರದಿಂದ ಉಜ್ಜಿದ್ದಾರೆ. ಭೂತಗನ್ನಡಿ ಹಿಡಿದರೆ ‘ಯು.ಎಸ್.’ ಎಂಬಷ್ಟು ಕಾಣುತ್ತದೆ. ಯುದ್ಧ ಸೋತ ಮೇಲೆ ನಮ್ಮೂರು ಅಮೆರಿಕನ್ನರ ವಲಯವಾಗಿದ್ದಾಗ ರಫ್ತಿನ ಮಾಲಿಗೆ ಹೊಡೆಯುತ್ತಿದ್ದ ಮುದ್ರೆ ಅದು. ಅಷ್ಟಕ್ಕೇ ಬಿಡಲಿಲ್ಲ, ಬೋಗಿಯ ಚಾವಣಿ ಬಿಚ್ಚಿ ಒಳಗೂ ನೋಡಿದೆ. ಒಳಮೈಯಲ್ಲಿ ಅಮೆರಿಕನ್ ಸೈನ್ಯದ ಮಾಂಸದ ಡಬ್ಬಿಯ ಅಕ್ಷರಗಳು ಹಾಗೇ ಇವೆ. ಬಿಸಾಡಿದ ಡಬ್ಬಿಯನ್ನು ಚಪ್ಪಟೆ ಮಾಡಿ, ಹೊರಗೆ ಬಣ್ಣ ಬಳಿದು ಮಾಡಿದ ರೈಲು.

ನಮ್ಮಪ್ಪ ಸತ್ತದ್ದು ನಲವತ್ನಾಲ್ಕರಲ್ಲಿ. ಹಾಗಾದರೆ ನಲವತ್ತೇಳರ ಕ್ರಿಸ್‌ಮಸ್ಸಿಗೆ ಅಮ್ಮ ‘ನಿಮ್ಮಪ್ಪ ಯುದ್ಧಕ್ಕೆ ಹೋಗೋ ಮುಂಚೆ ನೆಲಮಾಳಿಗೇಲಿ ಬಚ್ಚಿಟ್ಟಿದ್ರು’ ಎಂದು ನಿನ್ನ ಕೈಗಿಟ್ಟ ರೈಲನ್ನು ತಂದವರು ಯಾರು? ಭಾನುವಾರ ಕಾಫಿ ಹೊತ್ತಿಗೆ ಅದನ್ನು ಲಿಯೊನ್‌ಹಾರ್ಟ್ ಅಪ್ಪನ ಮುಂದಿಟ್ಟೆ. ನೀನು ಇವತ್ತಿಗೂ ‘ಅಮ್ಮನ ಗಂಡ’ ಎಂದೇ ಕರೆಯುತ್ತೀಯಲ್ಲ, ಆ ನಮ್ಮ ಮಲತಂದೆಯ ಮುಂದೆ. ನೋಡಿದವರೇ ಪ್ಲಮ್ ಕೇಕಿನ ತಟ್ಟೆ ಆಚೆ ಸರಿಸಿದರು.

‘ಅರ ಹಾಕಿದ್ದು ಯಾರು?’ ಎಂದೆ.

‘ನಾನೇ ಕಣೇ. ಟ್ರ್ಯಾಮ್ ಶೆಡ್ಡಿನ ಅರ. ಒರಟಾಗಿತ್ತು, ನೀಟಾಗಿ ಬರ್ಲಿಲ್ಲ.’

‘ಯಾಕಪ್ಪಾ ಹಾಗ್ಮಾಡಿದ್ರಿ?’

‘ಅವನು ನನ್ನ ಕೈಯಿಂದ ಒಂದು ತುಂಡು ಬ್ರೆಡ್ಡೂ ತಗೋತಿರ್ಲಿಲ್ಲ. ಹುಡುಗನಿಗೆ ರೈಲು ಬೇಕಿತ್ತು, ನಾನು ಬೇಕಿರ್ಲಿಲ್ಲ. ಬೇಕಾದ್ದನ್ನ ಕೊಟ್ಟೆ.’

ತಮ್ಮ ಪಾಲಿನ ಪಡಿತರದ ತಂಬಾಕೆಲ್ಲ ಕೊಟ್ಟು ಕಾರ್ಖಾನೆಯವನೊಬ್ಬನಿಂದ ತಂದಿದ್ದರಂತೆ. ನೆಲಮಾಳಿಗೆಯ ಕಥೆಯನ್ನೂ ಅಮ್ಮನಿಗೆ ಅವರೇ ಹೇಳಿಕೊಟ್ಟದ್ದು. ನೀನು ರೈಲು ಅಪ್ಪಿಕೊಂಡು ‘ನಮ್ಮಪ್ಪಂದು, ನೀನು ಮುಟ್ಬೇಡ’ ಎಂದು ಅವರ ಮೇಲೆ ಕೂಗಿದೆಯಂತೆ. ಅದನ್ನು ಹೇಳಿ ನಕ್ಕರು, ಅಣ್ಣ. ಒಂದಿಷ್ಟೂ ಕಹಿಯಿಲ್ಲದೆ ನಕ್ಕರು. ಆಮೇಲೆ, ‘ಎವಾಲ್ಡ್‌ಗೆ ಬರೀಬೇಡ. ನಲವತ್ಮೂರು ಅಂತಾನೇ ಹಾಕಿಸ್ಲಿ, ಯಾರಿಗೇನು ನಷ್ಟ?’ ಎಂದರು. ಅವರ ಮಾತು ನಾನು ಮೀರುವುದಿಲ್ಲ, ಆದರೆ ಇದೊಂದನ್ನು ಮೀರಿದೆ. ನಮ್ಮನ್ನು ಹುಟ್ಟಿಸಿದ ಅಪ್ಪ ಇದರಿಂದ ಕಮ್ಮಿಯಾಗುವುದಿಲ್ಲ. ಅವರು ಬದುಕಿದ್ದಿದ್ದರೆ ನಿನಗೆ ರೈಲು ತಂದೇ ತರುತ್ತಿದ್ದರು. ಅವರಿಗೆ ಆಗದೆ ಹೋದದ್ದನ್ನು ಇನ್ನೊಬ್ಬರು ಮಾಡಿ, ಹೆಸರನ್ನು ಅವರಿಗೇ ಬಿಟ್ಟುಕೊಟ್ಟರು.

ಅತ್ತಿಗೆಗೆ ನನ್ನ ನೆನಪು ತಿಳಿಸು, ಮಕ್ಕಳಿಗೆ ಮುತ್ತು. ಸಿಟ್ಟು ಬಂದರೆ ನನ್ನ ಮೇಲೆ ಮಾಡಿಕೋ, ತಡೆದುಕೊಳ್ಳುತ್ತೇನೆ.

ನಿನ್ನ ತಂಗಿ,
ಗುಂಡಾ

ಮರೆತಿದ್ದೆ: ರೈಲನ್ನು ಅಂಚೆಗೆ ಹಾಕುವುದಿಲ್ಲ, ನೀನೇ ಬಂದು ತೆಗೆದುಕೊಂಡು ಹೋಗಬೇಕು. ಎಲ್ಲರೂ ಕ್ಷೇಮ ಎಂದು ಬರೆದೆ, ಅದು ನಿಜವಲ್ಲ. ಅಪ್ಪನ ಹೃದಯ ಈ ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅಮ್ಮನ ಮಣ್ಣಿಗೆ ಬಂದು ಹೋದವನು ನೀನು, ಮತ್ತೆ ಇತ್ತ ಮುಖ ಹಾಕಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಅಪ್ಪ ತಾವಾಗಿಯೇ ಕೇಳಿದರು: ‘ಎವಾಲ್ಡ್ ತಲೆ ಪೂರ್ತಿ ಬೆಳ್ಳಗಾಗಿದ್ಯೇನೇ?’ ನಂಗೊತ್ತಿಲ್ಲ ಎಂದೆ. ಬಂದು ತೋರಿಸು.