ಹೊಟ್ಟೆಯ ಮೇಲೆ ಕಿಟಕಿ ಇರುವ ಅಂಗಿ

ಶನಿವಾರ, ಸಂಜೆ

ನನ್ನ ಛೀರಾಣಿಗೆ,

ಅಮ್ಮನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟೆ, ಕೈ ಏಳಲಿಲ್ಲ. ಅಪ್ಪ ಒಳಗಿನ ಕೋಣೆಯಲ್ಲಿ ಮಲಗಿದ್ದಾರೆ. ಸೋತ ಹೃದಯಕ್ಕೆ ಜೋಡಿಸಿದ ಪಂಪು ಎದೆಯೊಳಗೆ ತನ್ನ ಪಾಡಿಗೆ ಗುಂಯ್‌ಗುಡುತ್ತಿದೆ. ಮೈ ಸ್ವಲ್ಪ ಬಿಸಿ ಇದೆ, ಅಷ್ಟೇ. ಗಾಬರಿಪಡುವಂಥದ್ದು ಏನಿಲ್ಲ.

ಎರಡು ಬೀದಿ ದಾಟಿದರೆ ಬಸ್ಸು, ಬಸ್ಸು ಹತ್ತಿದರೆ ನಿನ್ನ ಮನೆ, ಕೈಯಲ್ಲಿ ಫೋನೂ ಇದೆ. ಹೀಗಿರುವಾಗ ಅಮ್ಮ ಯಾಕೆ ಕಾಗದ ಬರೆಯುತ್ತಿದ್ದಾಳೆ ಎಂದು ನೀನು ಹುಬ್ಬೇರಿಸಬಹುದು. ಫೋನಿನಲ್ಲಿ ನಾನು ಶುರು ಮಾಡುವಷ್ಟರಲ್ಲಿ ನೀನು ಅತ್ತುಬಿಡುತ್ತೀಯ. ನೀನು ಅತ್ತರೆ ನಾನು ಸಮಾಧಾನ ಮಾಡಲು ಕೂರುತ್ತೇನೆ. ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ. ಕಾಗದ ನೀನು ಅತ್ತರೂ ನಿಲ್ಲುವುದಿಲ್ಲ, ಪೂರ್ತಿ ಓದಬೇಕು.

ಛೀರಾಣಿ ಎಂಬ ಹೆಸರು ನಿನಗೆ ಅಪ್ಪ ಇಟ್ಟದ್ದು. ಹಾಲಿನ ಕೆನೆ ತುಟಿಗೆ ತಾಗಿದರೆ ಛೀ, ಸೋಪಿಗೆ ಕೂದಲು ಅಂಟಿದ್ದರೆ ಛೀ, ಪಾತ್ರೆ ತೊಳೆದ ನನ್ನ ಒದ್ದೆ ಕೈ ಕೆನ್ನೆಗೆ ಸೋಕಿದರೂ ಛೀ. ಮೂಗು ಮುರಿದು ಮುರಿದು ಈ ಹುಡುಗಿಯ ಮೂಗೇ ಸೊಟ್ಟಗಾಗುತ್ತದೆ ಎಂದು ನಾನು ಗೊಣಗುತ್ತಿದ್ದೆ. ಅಪ್ಪ ನಗುತ್ತಿದ್ದರು. ನಿನ್ನನ್ನು ರೇಗಿಸಲೆಂದೇ ಕೆನೆಯನ್ನು ಚಮಚದಲ್ಲಿ ಎತ್ತಿ ನಿನ್ನೆದುರೇ ನುಂಗುತ್ತಿದ್ದರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ನಿನಗೇ ತಿಳಿಯುತ್ತದೆ.

ನಿನಗೆ ಗೊತ್ತಿದೆ, ನನಗೆ ಸುಲಭಕ್ಕೆ ಅಸಹ್ಯ ಹುಟ್ಟುವುದಿಲ್ಲ. ಹೋಟೆಲಿನ ಬಟ್ಟೆ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಟೈ ಕಟ್ಟಿಕೊಂಡು ಬರುವ ಮಹನೀಯರು ಬೆಳಿಗ್ಗೆ ಎದ್ದು ಹೋದ ಮೇಲೆ ಹಾಸಿಗೆಯ ಮೇಲೆ ಏನೇನು ಬಿಟ್ಟುಹೋಗಿರುತ್ತಾರೆ ಎಂಬುದನ್ನು ಊಟದ ಹೊತ್ತಿನಲ್ಲಿ ಹೇಳುವಂತಿಲ್ಲ. ಅದನ್ನೆಲ್ಲ ವಿಂಗಡಿಸಿ ಯಂತ್ರಕ್ಕೆ ಹಾಕಿ, ಅದೇ ಕೈ ತೊಳೆದುಕೊಂಡು ನೆಮ್ಮದಿಯಾಗಿ ಊಟ ಮಾಡಿದ್ದೇನೆ. ಅಪ್ಪನ ಹೊಟ್ಟೆಯ ತೂತೂ ನನಗೆ ಹಾಗೆಯೇ ಇತ್ತು.

ಮೊದಮೊದಲು ಆ ತೂತು ಎಷ್ಟು ಗೋಳು ಹೊಯ್ದುಕೊಂಡಿತು, ನೆನಪಿದೆಯಾ? ಪಂಪಿಗೆ ಕರೆಂಟು ಒಯ್ಯುವ ವೈರು ಪಕ್ಕೆಲುಬಿನ ಕೆಳಗೆ ಚರ್ಮ ಸೀಳಿಕೊಂಡು ಹೊರಗೆ ಬಂದು ಸೊಂಟದ ಬ್ಯಾಟರಿಗೆ ಸೇರುತ್ತಿತ್ತು. ಮೇಲೆ ಪಟ್ಟಿ ಅಂಟಿಸಿದ್ದೇ ಅದಕ್ಕಿದ್ದ ಭದ್ರತೆ. ಅವರು ಕೆಮ್ಮಿದರೆ ವೈರು ಅಲುಗುತ್ತಿತ್ತು, ಮಗ್ಗುಲು ಬದಲಿಸಿದರೆ ಅಲುಗುತ್ತಿತ್ತು, ನಕ್ಕರೂ ಅಲುಗುತ್ತಿತ್ತು. ಅಲುಗಿದಾಗಲೆಲ್ಲ ಕೂಡಿಕೊಳ್ಳಲು ಹೊರಟ ಚರ್ಮ ಮತ್ತೆ ಬಿರಿಯುತ್ತಿತ್ತು. ಒಳಗಿಂದ ಹಳದಿ ನೀರು ಬರುತ್ತಿತ್ತು. ಹೂದಾನಿಯ ನೀರನ್ನು ಚೆಲ್ಲಲು ಮರೆತರೆ ಬರುತ್ತದಲ್ಲ, ಅಂಥ ವಾಸನೆ. ಕಿಟಕಿ ತೆರೆದು, ಬಾಯಲ್ಲಿ ಉಸಿರಾಡುತ್ತಾ ತೊಳೆಯುತ್ತಿದ್ದೆ. ಆದರೂ ಅವರ ಪಕ್ಕದಲ್ಲೇ ಮಲಗುತ್ತಿದ್ದೆ.

ಆಮೇಲೆ ನಿನ್ನ ಕಂಪನಿಯ ಉಂಗುರ ಬಂತು. ನೀನೇ ಓಡಾಡಿ, ಯಾರ ಯಾರ ಕೈಕಾಲು ಹಿಡಿದೋ, ಪ್ರಯೋಗಕ್ಕೆ ಆರಿಸಿದವರಲ್ಲಿ ಅಪ್ಪನನ್ನೂ ಸೇರಿಸಿದೆ. ಅಡುಗೆಮನೆಯ ಮೇಜಿನ ಮೇಲೆ ಅದರ ಮಾದರಿ ಇಟ್ಟು ನೀನು ವಿವರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಜರಡಿಯಂಥ ಸಣ್ಣ ಸಣ್ಣ ತೂತುಗಳ ಮೆತ್ತನೆ ಉಂಗುರ. ಅದನ್ನು ಚರ್ಮದ ಅಡಿಗೆ ಕೂರಿಸುತ್ತಾರೆ, ಮೈಯ ಮಾಂಸ ಆ ತೂತುಗಳಲ್ಲಿ ನುಗ್ಗಿ ಬೆಳೆದು ಉಂಗುರವನ್ನು ತನ್ನದಾಗಿಸಿಕೊಳ್ಳುತ್ತದೆ, ಆಮೇಲೆ ವೈರು ಅಲುಗುವ ಮಾತೇ ಇಲ್ಲ ಅಂದೆ. ನನಗೆ ಮೈ ಜುಮ್ಮೆಂದಿತು. ಬದುಕಿರುವ ಮಾಂಸ ಬಳ್ಳಿಯ ಹಾಗೆ ಪ್ಲಾಸ್ಟಿಕ್ಕಿಗೆ ಹಬ್ಬುವುದೇ ಎಂದು ಕೇಳಿದೆ. ಆದರೆ ನೀನು ಹೇಳಿದಂತೆಯೇ ಆಯಿತು. ತೂತಿನ ಸುತ್ತ ಒಣಗಿತು, ವಾಸನೆ ಹೋಯಿತು, ಅಪ್ಪ ಮತ್ತೆ ಜೋರಾಗಿ ನಗತೊಡಗಿದರು. ನನ್ನ ಮಗಳು ಮಾಡಿದ್ದು ಎಂದು ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗಿದೆ. ಆ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ.

ಈಗ ಗುರುವಾರದ ಮಾತು.

ಗುರುವಾರ ನನಗೆ ಬೆಳಗಿನ ಪಾಳಿ ಎಂದು ನಿಮಗಿಬ್ಬರಿಗೂ ಗೊತ್ತಿತ್ತು. ಮಧ್ಯಾಹ್ನದ ಪಾಳಿಯವಳು ಬರಲಿಲ್ಲ, ಮೇಲ್ವಿಚಾರಕ ನನ್ನನ್ನೇ ಉಳಿಸಿಕೊಂಡ. ದೊಡ್ಡ ಸಭಾಂಗಣದಲ್ಲಿ ಡಾಕ್ಟರುಗಳ ಸಭೆ ನಡೀತಿದೆ, ಮೇಜಿನ ಮೇಲೆ ಕಾಫಿ ಚೆಲ್ಲಿದ್ದಾರೆ, ಬೇರೆ ಬಟ್ಟೆ ಕೊಟ್ಟುಬನ್ನಿ ಅಂದ. ಇಸ್ತ್ರಿ ಮಾಡಿದ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು, ಕೆಲಸದವರು ಓಡಾಡುವ ಹಿಂಬಾಗಿಲಿನಿಂದ ಒಳಗೆ ಹೋದೆ. ಅಪ್ಪ ತಪಾಸಣೆಗೆ ಹೋಗಿದ್ದಾರೆ, ನೀನು ಕರೆದುಕೊಂಡು ಹೋಗಿದ್ದೀಯ ಎಂದೇ ನಾನು ತಿಳಿದದ್ದು. ಪ್ರತಿ ಸಲವೂ ನೀವು ನನಗೆ ಹೇಳಿದ್ದು ಅದನ್ನೇ ತಾನೇ?

ವೇದಿಕೆಯ ಮೇಲೆ ಅಪ್ಪ ಕುಳಿತಿದ್ದರು. ಕ್ಷೌರ ಮಾಡಿಸಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ನಾನು ಎಂದೂ ಕಾಣದ ಬಿಳಿ ಅಂಗಿ ತೊಟ್ಟು. ಆ ಅಂಗಿಯ ಹೊಟ್ಟೆಯ ಜಾಗದಲ್ಲಿ ಒಂದು ಕಿಟಕಿ. ಒತ್ತುಗುಂಡಿಯ ಮುಚ್ಚಳ, ಅದರ ಮೇಲೆ ನಿನ್ನ ಕಂಪನಿಯ ಗುರುತು. ಮುಚ್ಚಳ ತೆರೆದಿತ್ತು. ಹಿಂದಿನ ಗೋಡೆಯ ದೊಡ್ಡ ಪರದೆಯ ಮೇಲೆ ಅವರ ತೂತು ಬಾಗಿಲಿನಷ್ಟು ಎತ್ತರಕ್ಕೆ ಕಾಣುತ್ತಿತ್ತು. ನಾನು ಬೆಳಿಗ್ಗೆ ನನ್ನ ಕೈಯಾರೆ ಒರೆಸಿದ ಚರ್ಮ, ಅದರ ಒಂದೊಂದು ರೋಮವೂ ಕಾಣುವಂತೆ. ಕೆಳಗೆ ಜನ ಬಿಸ್ಕತ್ತು ಮೆಲ್ಲುತ್ತಾ ನೋಡುತ್ತಿದ್ದರು. ಒಬ್ಬ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಪರದೆ ನೋಡುತ್ತಲೇ ಚೀಪಿದ. ಮನುಷ್ಯರು ತಿನ್ನುವುದನ್ನು ನೋಡಿ ನನಗೆ ವಾಕರಿಕೆ ಬಂದದ್ದು ಅದೇ ಮೊದಲು.

ನಿಮ್ಮ ಮ್ಯಾನೇಜರು ಮೈಕು ಹಿಡಿದು ಮಾತಾಡುತ್ತಿದ್ದ. ನೋಡಿ, ಎಳೆದರೂ ಬರೋದಿಲ್ಲ ಅನ್ನುತ್ತಾ ವೈರನ್ನು ಬೆರಳಿನಿಂದ ಮೀಟಿದ. ಆಮೇಲೆ ಸಭೆಯಲ್ಲಿದ್ದ ಒಬ್ಬರನ್ನು ಕರೆದು, ನೀವೇ ಎಳೆದು ನೋಡಿ ಸಾರ್, ನಾಚ್ಕೋಬೇಡಿ ಅಂದ. ಆ ಮಹಾಶಯ ಬಿಸ್ಕತ್ತಿನ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು, ಎಳೆದ. ಪರದೆಯ ಮೇಲೆ ಚರ್ಮ ಗುಡಾರದ ಹಾಗೆ ಮೇಲೆದ್ದು ಮತ್ತೆ ಕೂತಿತು. ಜನ ಓಹೋ ಅಂದರು. ಆಮೇಲೆ ಆ ಉಕ್ಕಿನ ತೂಕದ ಗುಂಡು ಬಂತು. ಅದನ್ನು ಕೊಕ್ಕೆಯಿಂದ ಅಪ್ಪನ ಹೊಟ್ಟೆಯ ವೈರಿಗೆ ನೇತುಹಾಕಿದರು, ಮಾಂಸದಂಗಡಿಯಲ್ಲಿ ನೇತುಹಾಕುವ ಹಾಗೆ. ಅದು ಅತ್ತಿತ್ತ ತೂಗಾಡಿತು. ಚಪ್ಪಾಳೆ. ಇನ್ನೊಂದು ಹಾಕಲಾ ಎಂದು ಮ್ಯಾನೇಜರು ತಮಾಷೆ ಮಾಡಿದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ನಗುವಾಗ ಅವರ ಕೈ ಕುರ್ಚಿಯ ಹಿಡಿಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಗೆಣ್ಣುಗಳು ಬೆಳ್ಳಗಾಗಿದ್ದವು.

ಇಷ್ಟು ಹೊತ್ತೂ ಗುಂಡು ನೇತುಹಾಕಿದವರು ಯಾರು ಎಂದು ನಾನು ಬರೆಯಲಿಲ್ಲ. ನೀನೂ ಓದುತ್ತಾ ಅದೇ ಸಾಲಿಗೆ ಹೆದರುತ್ತಿದ್ದೀಯ ಎಂದು ಗೊತ್ತು. ನೀಲಿ ಕೈಗವಸು ಹಾಕಿಕೊಂಡು, ತುಟಿಯ ಮೇಲೆ ಆ ಸಭೆಯ ನಗುವಿಟ್ಟುಕೊಂಡು, ಕೊಕ್ಕೆ ಸಿಕ್ಕಿಸಿದವಳು ನೀನು. ನಿನ್ನ ಮೂಗು ಒಂದಿಷ್ಟೂ ಸೊಟ್ಟಗಾಗಲಿಲ್ಲ. ಹಾಲಿನ ಕೆನೆಗೆ ಛೀ ಅನ್ನುತ್ತಿದ್ದ ಹುಡುಗಿಯನ್ನು ಆ ವೇದಿಕೆಯಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ.

ನಾನು ಕೂಗಲಿಲ್ಲ. ಮೇಜಿನ ಬಟ್ಟೆಗಳನ್ನು ಹತ್ತಿರದ ಕುರ್ಚಿಯ ಮೇಲೆ ಇಟ್ಟು, ಬಂದ ಬಾಗಿಲಿನಿಂದಲೇ ಹೊರಗೆ ಬಂದೆ. ಬಟ್ಟೆ ಒಗೆಯುವ ಕೋಣೆಯ ತೊಟ್ಟಿಯಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕಿದೆ. ಅದನ್ನೂ ನಾನೇ ತೊಳೆದೆ.

ರಾತ್ರಿ ಅಪ್ಪ ಏನೂ ಆಗದವರ ಹಾಗೆ ಮನೆಗೆ ಬಂದರು. ತಪಾಸಣೆ ಚೆನ್ನಾಗಾಯ್ತು, ಡಾಕ್ಟ್ರು ಬೆನ್ನು ತಟ್ಟಿದ್ರು ಅಂದರು. ಪಟ್ಟಿ ಬದಲಿಸೋಣ ಬನ್ನಿ ಅಂದೆ. ಇವತ್ತು ಬೇಡ ಅಂದರು. ಬಿಡದೆ ಕೂರಿಸಿ ತೆಗೆದೆ. ತೂತಿನ ಒಂದು ಬದಿ ಕೆಂಪಾಗಿತ್ತು, ತುಟಿಯ ಹಾಗೆ ಸ್ವಲ್ಪ ಬಿಟ್ಟುಕೊಂಡಿತ್ತು. ಹತ್ತಿಗೆ ಹಳೆಯ ಹಳದಿ ನೀರು ಅಂಟಿಕೊಂಡು ಬಂತು. ನಾನು ಇದ್ದೆ ಅಲ್ಲಿ, ಎಲ್ಲ ನೋಡಿದೆ ಅಂದೆ. ಅವರ ಮುಖ ಇಳಿದುಹೋಯಿತು.

ಎಷ್ಟು ದಿನದಿಂದ ಈ ಆಟ ಎಂದು ಕೇಳಿದ್ದಕ್ಕೆ ಸೊಂಟದ ಬ್ಯಾಟರಿಯನ್ನು ಸರಿಮಾಡಿಕೊಂಡರು. ಆಮೇಲೆ ಅಂದದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: ‘ಲಿಫ್ಟ್ ನಡೆಸ್ತಾ ಒಂದು ಆಯುಷ್ಯ ಅದರೊಳಗೇ ನಿಂತೆ ಕಣೇ. ಹತ್ತಿದವರೆಲ್ಲ ಮೇಲಿನ ನಂಬರ್ ನೋಡ್ತಿದ್ರು. ನನ್ನ ಮುಖ ಒಬ್ಬರೂ ನೋಡ್ಲಿಲ್ಲ. ಈಗ ಅಷ್ಟು ದೊಡ್ಡ ದೊಡ್ಡ ಡಾಕ್ಟ್ರುಗಳು ಬಗ್ಗಿ ಬಗ್ಗಿ ನೋಡ್ತಾರೆ. ನೋವು ಸ್ವಲ್ಪ ಆಗುತ್ತೆ. ಆದ್ರೆ ನಮ್ಮ ಹುಡುಗಿ ಪಕ್ಕದಲ್ಲಿ ನಿಂತಿರ್ತಾಳಲ್ಲ.’

ನನಗೆ ಎಲ್ಲಿತ್ತೋ ಸಿಟ್ಟು, ಅವರು ನೋಡೋದು ನಿಮ್ಮ ಮುಖ ಅಲ್ಲ ರೀ, ತೂತು, ಅಂದುಬಿಟ್ಟೆ. ಅವರು ಎದ್ದು ಹೋಗಿ ಮಲಗಿದರು. ಊಟಕ್ಕೂ ಏಳಲಿಲ್ಲ.

ನನ್ನ ಅಸಹ್ಯ ಎಲ್ಲೆಲ್ಲಿಗೆ ಹಬ್ಬಿದೆ ನೋಡು. ಆ ಮ್ಯಾನೇಜರನ ಹಲ್ಲಿನ ಮೇಲೆ ಅಸಹ್ಯ. ಪ್ಯಾಂಟಿಗೆ ಕೈ ಒರೆಸಿಕೊಂಡವನ ಮೇಲೆ ಅಸಹ್ಯ. ಚಪ್ಪಾಳೆಗೆ ಹೊಟ್ಟೆ ಬಿಚ್ಚಿ ಕೂತ ನನ್ನ ಗಂಡನ ಮೇಲೂ ಅಸಹ್ಯ. ಗುರುವಾರದಿಂದ ನಾನು ಹೊರಗಿನ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಮಲಗುತ್ತಿದ್ದೇನೆ. ಅವರ ಪಟ್ಟಿ ಬದಲಿಸುವಾಗ ಕೈ ಹಿಂಜರಿಯುತ್ತದೆ. ಆ ಚರ್ಮವನ್ನು ಯಾರು ಯಾರು ಮುಟ್ಟಿದ್ದಾರೋ ಅನ್ನಿಸುತ್ತದೆ. ನಿನ್ನ ಮೇಲೆ ಏನನ್ನಿಸುತ್ತದೆ ಎಂದು ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದೆ. ಹೊಡೆದುಹಾಕಿದ್ದು ಗೀಟಿನ ಕೆಳಗೆ ಕಾಣುತ್ತದೆ, ಬೆಳಕಿಗೆ ಹಿಡಿದು ಓದಬೇಡ.

ನೀನು ದುಷ್ಟೆಯಲ್ಲ, ಅದು ನನಗೆ ಗೊತ್ತು. ಮೊದಲ ಸಲ ಅಂಗಿ ಎತ್ತಿ ತೋರಿಸಿದರೆ ಸಾಕು ಅಂದಿರುತ್ತಾರೆ. ಎರಡನೆಯ ಸಲ ಬರೀ ಬೆರಳು. ಆಮೇಲೆ ಗುಂಡು. ಪ್ರತಿ ಸಲವೂ ಸ್ವಲ್ಪ ತಾನೇ ಹೆಚ್ಚು ಎಂದು ನೀನೂ ಅಂದುಕೊಂಡಿರುತ್ತೀಯ. ಬಟ್ಟೆಯಲ್ಲಿ ಕಲೆ ಕೂಡ ಹಾಗೇ ಕೂರುವುದು. ಅದೇ ದಿನ ತೊಳೆದರೆ ಹೋಗುತ್ತದೆ.

ಬುಧವಾರ ಇನ್ನೂ ದೊಡ್ಡ ಸಭೆ ಇದೆಯಂತೆ. ಹೊರದೇಶದವರು ಬರುತ್ತಾರಂತೆ, ಎರಡು ಗುಂಡು ಹಾಕುತ್ತಾರಂತೆ, ಅದು ಗೆದ್ದರೆ ನಿನಗೆ ವಿಭಾಗದ ಮುಖ್ಯಸ್ಥೆಯ ಕುರ್ಚಿಯಂತೆ. ಅಪ್ಪನೇ ಹೇಳಿದರು. ಜ್ವರದ ಕಣ್ಣಿನಲ್ಲೂ ಆ ಕುರ್ಚಿ ಅವರಿಗೆ ಹೊಳೆಯುತ್ತಿದೆ. ಕಾರು ಬಂದ್ರೆ ನಾನು ಹೋಗೋದೇ, ನೀನು ಅಡ್ಡ ಬರಬೇಡ ಅಂತಾರೆ. ಅವರನ್ನು ಹಿಡಿದು ನಿಲ್ಲಿಸುವ ಶಕ್ತಿ ನನಗಿಲ್ಲ. ಕಾರು ಬರದಂತೆ ಮಾಡುವುದು ನಿನ್ನ ಕೈಯಲ್ಲಿದೆ. ಆ ತೂತಿನಿಂದ ಒಳಕ್ಕೆ ಹೊಕ್ಕ ಕೊಳೆ ವೈರು ಹಿಡಿದುಕೊಂಡು ನೇರ ಪಂಪಿಗೆ ಹೋಗುತ್ತದೆ, ಪಂಪಿಗೆ ತಗುಲಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಅಡುಗೆಮನೆಯಲ್ಲಿ ನನಗೆ ಪಾಠ ಹೇಳಿದವಳು ನೀನೇ. ನಾನು ಚೆನ್ನಾಗಿ ಕಲಿತಿದ್ದೇನೆ.

ಈ ಕಾಗದದ ಜೊತೆ ಆ ಅಂಗಿಯನ್ನು ಕಳಿಸುತ್ತಿದ್ದೇನೆ. ಅಪ್ಪನ ಚೀಲದ ತಳದಲ್ಲಿ, ಸುದ್ದಿಪತ್ರಿಕೆಯಲ್ಲಿ ಸುತ್ತಿಟ್ಟಿತ್ತು. ಕಿಟಕಿಯ ಮುಚ್ಚಳದ ಒಳಬದಿಯಲ್ಲಿ ಒಂದು ಕಲೆ ಇದೆ, ನೀನು ಬೆಳಕಿನಲ್ಲಿ ನೋಡು. ಮೂಸಿಯೂ ನೋಡು. ನನ್ನ ಜನ್ಮದಲ್ಲಿ ಒಂದು ಬಟ್ಟೆಯನ್ನು ಒಗೆಯದೆ ಮಡಚಿ ಇನ್ನೊಬ್ಬರಿಗೆ ಕೊಡುತ್ತಿರುವುದು ಇದೇ ಮೊದಲು.

ಬುಧವಾರ ಏನು ಮಾಡುತ್ತೀಯ ಎಂದು ಬರೆದು ತಿಳಿಸು. ಫೋನು ಮಾಡಬೇಡ.

ಇಂತಿ,
ಕಿಟಕಿ ತೆರೆದು ಕಾಯುತ್ತಿರುವ
ನಿನ್ನ ಅಮ್ಮ

ಮರೆತ ಮಾತು, ಭಾನುವಾರ ಬೆಳಿಗ್ಗೆ: ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇದನ್ನು ಸೇರಿಸುತ್ತಿದ್ದೇನೆ. ಹೋಟೆಲಿನ ಡ್ರೈವರ್ ಈಗಲೇ ನಿನಗೆ ತಂದುಕೊಡುತ್ತಾನೆ. ಮೈ ಸ್ವಲ್ಪ ಬಿಸಿ ಎಂದು ಮೇಲೆ ಬರೆದದ್ದು ಸುಳ್ಳು. ಆಗಲೇ ಅವರ ಹಲ್ಲು ಕಟಕಟ ಅನ್ನುತ್ತಿತ್ತು. ನೀನು ಪೂರ್ತಿ ಓದದೆ ಎದ್ದು ಓಡುತ್ತೀಯ ಎಂದು ಮುಚ್ಚಿಟ್ಟೆ. ಬರೆದು ಮುಗಿಸುವಷ್ಟರಲ್ಲಿ ಅವರು ಅರೆಪ್ರಜ್ಞೆಗೆ ಜಾರಿದರು. ಆಸ್ಪತ್ರೆಗೆ ತಂದೆ, ರಾತ್ರಿಯೇ ಗಾಯವನ್ನು ಕತ್ತರಿಸಿ ತೊಳೆದರು. ಕೊಳೆ ಪಂಪಿನವರೆಗೆ ಹೋಗಿದೆಯೋ ಇಲ್ಲವೋ ಇನ್ನೂ ಹೇಳಲಾರರಂತೆ. ನಿನ್ನ ಉಂಗುರ ಒಂದು ಎಳೆಯೂ ಸಡಿಲವಾಗಿಲ್ಲವಂತೆ. ಅದು ಹಿಡಿದದ್ದನ್ನು ಬಿಡಲೇ ಇಲ್ಲ, ಅದರ ಸುತ್ತಲಿನ ಮಾಂಸವೇ ಹರಿದು ಬಂದಿದೆ ಎಂದು ಸರ್ಜನ್ ಹೇಳಿದರು. ಅಪ್ಪನಿಗೆ ಈಗ ಎಚ್ಚರವಾಗಿದೆ. ಉಂಗುರದ ವಿಷಯ ತಿಳಿಸಿದೆ. ಕಣ್ಣರಳಿಸಿ, ‘ನೋಡಿದ್ಯಾ, ನಮ್ಮ ಹುಡುಗಿ ಕೆಲಸ ಎಷ್ಟು ಗಟ್ಟಿ’ ಅಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಈಗ ಓಡಿ ಬಾ. ಮಧ್ಯಾಹ್ನ ಪಟ್ಟಿ ಬದಲಿಸುವಾಗ ನೀನೇ ಪಕ್ಕದಲ್ಲಿ ನಿಲ್ಲಬೇಕು. ಸಭೆಯ ನಗು ಇಟ್ಟುಕೊಂಡು ಬರಬೇಡ. ಅವರ ಮುಖವನ್ನೊಮ್ಮೆ ನೋಡು, ಆಮೇಲೆ ಆ ಗಾಯ ನೋಡು, ನೋಡಿ ಚಿಕ್ಕವಳಿದ್ದಾಗ ಅನ್ನುತ್ತಿದ್ದೆಯಲ್ಲ, ಹಾಗೆ ಬಾಯಿ ತುಂಬ ಒಂದು ಸಲ ಛೀ ಅನ್ನು. ಅದನ್ನು ಕೇಳಿದರೆ ನಾನು ಮತ್ತೆ ಅವರ ಪಕ್ಕದಲ್ಲಿ ಮಲಗಬಲ್ಲೆ.